ದೂರದ ಸ್ವಿಚ್ಚಿಗೆ ಬೇರೆಯ ದಾರಿ

ಊರಿನಲ್ಲಿ ವೃದ್ಧ ತಂದೆತಾಯಿಗಳು, ಉದ್ಯೋಗನಿಮಿತ್ತ ಪರಸ್ಥಳದಲ್ಲಿ ಮಕ್ಕಳು. ಇದು ಇಂದು ನಮ್ಮ ಅನೇಕ ಕುಟುಂಬಗಳ ಸ್ಥಿತಿ. ಇವರನ್ನು ಪರಸ್ಪರ ಮಾತನಾಡಿಸುವ ಇಂಟರ್‌ನೆಟ್ ಮೋಡೆಮ್ ಒಮ್ಮೊಮ್ಮೆ ಸ್ತಬ್ಧಗೊಳ್ಳುತ್ತದೆ. ವಿದ್ಯುತ್ತನ್ನು ತಪ್ಪಿಸಿ ಅರ್ಧ ನಿಮಿಷದ ಬಳಿಕ ಪುನಃ ಕೊಟ್ಟರೆ ಅನೇಕ ವೇಳೆ ಸರಿಹೋಗುತ್ತದೆ. ಆದರೆ ಮೇಜಿನ ಹಿಂದೆ ಬಾಗಿ ಪ್ಲಗ್ ಕೀಳುವುದು ಎಲ್ಲ ಹಿರಿಯರಿಗೂ ಸಾಧ್ಯವಲ್ಲ. ಅದಕ್ಕೆಂದೇ ದೂರದಿಂದ ನಡೆಸುವ ವಿದ್ಯುತ್ ಸ್ವಿಚ್ಚುಗಳುಂಟು.

ಗೋಡೆಯ ಸಾಕೆಟ್ಟಿಗೂ ಮೋಡೆಮ್ಮಿನ ಅಡಾಪ್ಟರಿಗೂ ನಡುವೆ ಇದನ್ನು ಜೋಡಿಸಬೇಕು. ಆಜ್ಞೆ ಬಂದೊಡನೆ ಒಳಗಿನ ರಿಲೇ 230 ವೋಲ್ಟಿನ ವಿದ್ಯುತ್ತನ್ನು ಕಡಿದು ಕೂಡಿಸುತ್ತದೆ. ಸಾಮಾನ್ಯವಾಗಿ ಈ ಆಜ್ಞೆ ಬರುವುದು ವೈಫೈ ಅಥವಾ ನೆಟ್‌ವರ್ಕ್ ತಂತಿಯ ಮೂಲಕ. ತೊಡಕಿರುವುದು ಇಲ್ಲಿಯೇ. ಮೋಡೆಮ್ ನಿಂತಾಗ ಹೊರಗಿನ ಆಜ್ಞೆಯ ದಾರಿಯೂ ಮುಚ್ಚುತ್ತದೆ. ಮೇಲೆತ್ತುವ ಹಗ್ಗ ಬಾವಿಗೆ ಬಿದ್ದವನ ಕೈಯಲ್ಲೇ ಉಳಿದಂತೆ!

ಇದಕ್ಕೆ ಪರಿಹಾರ ಎರಡು. ಸಿಮ್ ಉಳ್ಳ ಸ್ವಿಚ್ ಮೊಬೈಲ್ ಸಂದೇಶವನ್ನು ನೇರವಾಗಿ ಪಡೆಯುತ್ತದೆ. ರೈತರು ಪಂಪ್‌ಸೆಟ್ಟಿಗೆ ಅಳವಡಿಸುವ ಮೊಬೈಲ್ ಸ್ಟಾರ್ಟರಿನ ತತ್ತ್ವವೂ ಇದೇ. ಇನ್ನೊಂದು ಬಗೆಯದು ಆಗಾಗ ಇಂಟರ್‌ನೆಟ್ಟಿಗೆ ‘ಪಿಂಗ್’ ಎಂಬ ಕರೆ ಕಳುಹಿಸಿ, ಹಲವು ಬಾರಿ ಉತ್ತರ ಬಾರದಿದ್ದರೆ ತಾನೇ ಮೋಡೆಮ್ಮನ್ನು ಆರಿಸಿ ಮತ್ತೆ ನಡೆಸುತ್ತದೆ. ಹಿರಿಯರಿರುವ ಮನೆಗೆ ಇದೇ ಲೇಸೆಂದು ನಾವು ಭಾವಿಸುತ್ತೇವೆ.

ಕಂಪ್ಯೂಟರಿನ ಮಾತು ಬೇರೆ. ನಡೆಯುತ್ತಿರುವಾಗಲೇ ವಿದ್ಯುತ್ ಕಡಿದರೆ ಕಡತಗಳು ಕೆಡಬಹುದು. ಮೊದಲು ಕ್ರಮವಾಗಿ ಮುಚ್ಚಬೇಕು. ವಿದ್ಯುತ್ ಮರಳಿದಾಗ ತಾನೇ ಚಾಲನೆಗೊಳ್ಳುವಂತೆ ಅದರ ಬಯಾಸ್‌ನಲ್ಲಿ ಮುಂಚೆಯೇ ಏರ್ಪಡಿಸಿರಬೇಕು. ಸ್ವಿಚ್ಚಿನೊಡನೆ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಬೇಕು. ಬೀಗದ ಕೈಯನ್ನು ಹೊರಬಾಗಿಲಿಗೆ ತೂಗುಹಾಕುವವರುಂಟೆ?

ಕೊಳ್ಳುವ ಮುನ್ನ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಮೋಡೆಮ್ ನಿಂತಾಗಲೂ ಇದು ತನ್ನ ಕೆಲಸ ಮಾಡುವುದೇ?