ಅರವತ್ತನಾಲ್ಕು ಮನೆಯ ಅಂಗಳಕ್ಕೆ ಹೊರಟಾಗ

ಮಗಳೋ ಮಗನೋ ಚದುರಂಗದ ಹಲಗೆ ಹರವಿಕೊಂಡು ಕೂತರೆ ನೀವೇನು ಹೇಳುತ್ತೀರಿ? "ಓದೋದು ಬಿಟ್ಟು ಬೆಳಗಿನಿಂದ ಇದೇನೇ ನಿನ್ನ ಗೋಳು, ಎದ್ದು ತಟ್ಟೆ ಹಾಕು" ಎಂದು ಗದರುವವರೇ ಹೆಚ್ಚು. ಗದರಿ, ಬೇಡ ಎನ್ನುವುದಿಲ್ಲ. ಆದರೆ ಅದಕ್ಕೆ ಮುಂಚೆ ಚೆನ್ನೈನ ಒಂದು ಮನೆಯ ಸಂಗತಿ ಕೇಳಿ.

ಆ ಮನೆಯ ಹುಡುಗಿಗೆ ಟೀವಿಯ ಮುಂದೆ ಕೂತರೆ ಏಳುವ ಮನಸ್ಸೇ ಆಗುತ್ತಿರಲಿಲ್ಲ. ಹೇಗಾದರೂ ಈ ಚಟ ಬಿಡಿಸಬೇಕೆಂದು ತಂದೆತಾಯಿ ಅವಳನ್ನು ಚದುರಂಗದ ತರಗತಿಗೆ ಸೇರಿಸಿದರು. ಅಕ್ಕ ಆಡುವುದನ್ನು ನೋಡಿ ನಾಲ್ಕು ವರ್ಷ ಚಿಕ್ಕವನಾದ ತಮ್ಮನೂ ಕಾಯಿ ಹಿಡಿದ. ಅಕ್ಕ ವೈಶಾಲಿ, ತಮ್ಮ ಪ್ರಜ್ಞಾನಂದ. ಇಬ್ಬರೂ ಇಂದು ಗ್ರ್ಯಾಂಡ್‌ಮಾಸ್ಟರ್‌ಗಳು. ಒಡಹುಟ್ಟಿದ ಅಕ್ಕ-ತಮ್ಮ ಇಬ್ಬರೂ ಆ ಪದವಿಗೇರಿದ್ದು ಪ್ರಪಂಚದಲ್ಲಿಯೇ ಮೊದಲು. ತಂದೆ ಬ್ಯಾಂಕ್ ಉದ್ಯೋಗಿ, ಪೋಲಿಯೋದಿಂದಾಗಿ ದೂರದ ಓಡಾಟ ಅವರಿಗೆ ಕಷ್ಟ. ಹಾಗಾಗಿ ಊರೂರು, ದೇಶದೇಶ ಮಕ್ಕಳ ಜೊತೆ ತಿರುಗಿದವರು ತಾಯಿ ನಾಗಲಕ್ಷ್ಮಿ. 2023ರ ಆಗಸ್ಟ್‌ನಲ್ಲಿ ಅಜರ್‌ಬೈಜಾನ್ ದೇಶದ ಬಾಕು ನಗರದಲ್ಲಿ ವಿಶ್ವಕಪ್ ನಡೆದಾಗ, ಹದಿನೆಂಟು ವರ್ಷದ ಪ್ರಜ್ಞಾನಂದ ಫೈನಲ್‌ವರೆಗೆ ಹೋಗಿ ಮ್ಯಾಗ್ನಸ್ ಕಾರ್ಲ್‌ಸನ್‌ಗೆ ಸೋತ. ಆಗ ಪತ್ರಿಕೆಗಳಲ್ಲಿ ಹುಡುಗನ ಚಿತ್ರದಷ್ಟೇ ಸುದ್ದಿಯಾದದ್ದು, ಸೀರೆಯುಟ್ಟು ಮೂಲೆಯಲ್ಲಿ ನಿಂತು ಮಗನನ್ನೇ ನೋಡುತ್ತಿದ್ದ ಆ ತಾಯಿಯ ಚಿತ್ರ.

ಆಕೆ ಆಟದ ಒಳಸುಳಿ ಬಲ್ಲವರಲ್ಲ. ಪ್ರವಾಸದಲ್ಲಿ ಅವರು ಹೊತ್ತೊಯ್ಯುವುದು ವಿದ್ಯುತ್ ಒಲೆ, ಅಕ್ಕಿ, ಸಾಂಬಾರ ಪದಾರ್ಥ. ಎಲ್ಲಿಯೇ ಇರಲಿ, ಮಗನಿಗೆ ಬಿಸಿಬಿಸಿ ರಸಂ ಅನ್ನ ಸಿಗಬೇಕು! ಇದನ್ನು ಓದಿ ನಕ್ಕವರೂ ಇದ್ದಾರೆ. ಹೊಟ್ಟೆ ಕೆಟ್ಟ ಮಗುವನ್ನು ಪರವೂರಿನ ಹೋಟೆಲಿನಲ್ಲಿ ನೋಡಿಕೊಂಡ ಯಾವ ತಾಯಿಯೂ ನಗಲಾರಳು.

ಇಂಥ ದೊಡ್ಡ ಪಂದ್ಯಕ್ಕೆ ಹೋಗುವುದೆಂದರೆ ಹೇಗೆ, ಯಾರು ಕರೆಯುತ್ತಾರೆ, ಯಾರ ಖರ್ಚು, ತಾಯಿಗೆ ಅಲ್ಲೇನು ಕೆಲಸ? ನಮ್ಮ ಸಣ್ಣ ಊರುಗಳಲ್ಲಿ ಇದನ್ನು ಬಿಡಿಸಿ ಹೇಳುವವರು ಕಡಿಮೆ.

ಬಾಗಿಲು ಎಲ್ಲಿದೆ?

ಮೊದಲು ಒಂದು ಮಾತು. ವಿಶ್ವ ಮಟ್ಟದ ಮಕ್ಕಳ ಪಂದ್ಯಕ್ಕೆ ನೀವಾಗಿಯೇ ಅರ್ಜಿ ಗುಜರಾಯಿಸುವಂತಿಲ್ಲ. ಹೆಸರು ಕಳಿಸುವುದು ರಾಷ್ಟ್ರೀಯ ಒಕ್ಕೂಟ. ಆದ್ದರಿಂದ ಮೆಟ್ಟಿಲು ಕೆಳಗಿನಿಂದಲೇ ಹತ್ತಬೇಕು. ರಾಜ್ಯ ಸಂಸ್ಥೆಯ ಮೂಲಕ ಅಖಿಲ ಭಾರತ ಚೆಸ್ ಒಕ್ಕೂಟದಲ್ಲಿ ಮಗುವಿನ ಹೆಸರು ನೋಂದಾಯಿಸುವುದು ಮೊದಲ ಕೆಲಸ. ಬಳಿಕ ವಿಶ್ವ ಒಕ್ಕೂಟವಾದ 'ಫಿಡೆ'ಯ ಲೆಕ್ಕಕ್ಕೆ ಸೇರುವ ಪಂದ್ಯಗಳಲ್ಲಿ ಆಡಿದರೆ 'ರೇಟಿಂಗ್' ಎಂಬ ಅಂಕ ಸಿಗುತ್ತದೆ. 2024ರ ಮಾರ್ಚ್‌ನಲ್ಲಿ ನಿಯಮ ಬದಲಾಗಿ ಈ ಅಂಕದ ಕೆಳಮಿತಿ 1400 ಆಯಿತು. ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ನಮ್ಮ ಚಿನ್ನದ ಬೆಲೆಯ ಹಾಗೆ ಏರುತ್ತಲೇ ಇರುತ್ತದೆಂದು ತಿಳಿಯಬೇಡಿ.

ಜಿಲ್ಲೆ, ರಾಜ್ಯ, ಆಮೇಲೆ ರಾಷ್ಟ್ರೀಯ ವಯೋಮಿತಿ ಪಂದ್ಯ. ಅಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಏಷ್ಯಾ ಮತ್ತು ವಿಶ್ವ ಪಂದ್ಯಗಳ ಅವಕಾಶ. ಎಂಟು, ಹತ್ತು, ಹನ್ನೆರಡು ವರ್ಷದೊಳಗಿನವರಿಗೆ ಒಂದು ಕೂಟ. ಹದಿನಾಲ್ಕು, ಹದಿನಾರು, ಹದಿನೆಂಟರೊಳಗಿನವರಿಗೆ ಇನ್ನೊಂದು. ವಯಸ್ಸಿನ ಲೆಕ್ಕ ಆ ವರ್ಷದ ಜನವರಿ 1ಕ್ಕೆ. ಜನನ ಪ್ರಮಾಣಪತ್ರದಲ್ಲಿ ಒಂದು ತಾರೀಖು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಮಕ್ಕಳ ಪಾಸ್‌ಪೋರ್ಟಿಗೆ ತಂದೆತಾಯಿಯ ಒಪ್ಪಿಗೆಯ ಸಹಿ ಬೇಕು, ಅದರ ಅವಧಿಯೂ ಸಾಮಾನ್ಯವಾಗಿ ಐದು ವರ್ಷ.

ಖರ್ಚಿನ ವಿಷಯಕ್ಕೆ ಬರೋಣ, ಮನಸ್ಸು ಕುಗ್ಗುವುದು ಇಲ್ಲಿಯೇ. ಮಕ್ಕಳ ವಿಶ್ವ ಪಂದ್ಯಗಳಲ್ಲಿ ಪ್ರತಿ ದೇಶದಿಂದ ಒಂದು ವಿಭಾಗಕ್ಕೆ ಅಧಿಕೃತವಾಗಿ ಆಹ್ವಾನಿತರಾದವರಿಗೆ ಊಟ-ವಸತಿಯನ್ನು ಸಂಘಟಕರು ನೋಡಿಕೊಳ್ಳುತ್ತಾರೆ. ಹೆಚ್ಚುವರಿಯಾಗಿ ಹೋಗುವ ಮಕ್ಕಳದ್ದು ಸ್ವಂತ ಖರ್ಚು. ಜೊತೆಗೆ ಹೋಗುವ ತಾಯಿಯದಂತೂ ಸ್ವಂತ ಖರ್ಚೇ. 'ಆಯ್ಕೆಯಾಗಿದೆ' ಎಂಬ ಪತ್ರ ಬಂದ ಸಂಭ್ರಮದಲ್ಲಿ ಬಳೆ ಅಡವಿಡುವ ಮುನ್ನ ಇದು ಯಾವ ಬಗೆಯ ಆಯ್ಕೆ ಎಂದು ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ. ಕೇಳಲು ಸಂಕೋಚವೇನೂ ಬೇಡ.

ವಿದೇಶಕ್ಕೇ ಹೋಗಬೇಕೆಂದೇನೂ ಇಲ್ಲ. ಹಣ ಕಟ್ಟಿ ನೇರವಾಗಿ ಸೇರಬಹುದಾದ ಅಂತರರಾಷ್ಟ್ರೀಯ ಓಪನ್ ಪಂದ್ಯಗಳು ನಮ್ಮ ದೇಶದಲ್ಲಿಯೇ ನಡೆಯುತ್ತವೆ. 2024ರ ಜನವರಿಯಲ್ಲಿ ಬೆಂಗಳೂರಿನಲ್ಲಿಯೇ ಅಂಥದೊಂದು ನಡೆಯಿತು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ತೇಜ್‌ಕುಮಾರ್ ರೈಲ್ವೆ ಉದ್ಯೋಗದಲ್ಲಿದ್ದುಕೊಂಡೇ ಆಡಿ 2017ರಲ್ಲಿ ಆ ಪದವಿ ಪಡೆದವರು. (ಮೈಸೂರಿಗೆ ಈ ಆಟ ಹೊಸದೂ ಅಲ್ಲ. ಕುದುರೆ ಒಂದೇ ಮನೆಯನ್ನು ಎರಡು ಸಲ ಮೆಟ್ಟದೆ ಅರವತ್ತನಾಲ್ಕು ಮನೆ ಸುತ್ತುವ ಸಮಸ್ಯೆಗಳಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಎಲ್ಲಿಲ್ಲದ ಆಸಕ್ತಿಯಿತ್ತು.)

ಹುಡುಗಿಯರಿಗೆ ಬಾಗಿಲು ತೆರೆದದ್ದು

ಇಂದು ನಿಮ್ಮ ಮಗಳು ಹುಡುಗಿಯರ ವಿಭಾಗದಲ್ಲೂ ಆಡಬಹುದು, ಬೇಕೆಂದರೆ ಹುಡುಗರಿರುವ ಮುಕ್ತ ವಿಭಾಗದಲ್ಲೂ ಆಡಬಹುದು. ಇದು ತಾನಾಗಿ ಬಂದದ್ದಲ್ಲ ಕಣ್ರೀ. 1974ರಲ್ಲಿ ಮೊದಲ ರಾಷ್ಟ್ರೀಯ ಮಹಿಳಾ ಪಂದ್ಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಗೆದ್ದಾಕೆ ಮುಂಬಯಿಯ ವಾಸಂತಿ ಖಾಡಿಲ್ಕರ್. ಆಕೆಯ ತಂಗಿಯರು ಜಯಶ್ರೀ ಮತ್ತು ರೋಹಿಣಿ, ಮೂವರೂ ಆಟಗಾರ್ತಿಯರು. 1976ರಲ್ಲಿ ಕಿರಿಯವಳಾದ ರೋಹಿಣಿ, ಹದಿಮೂರೇ ವರ್ಷದ ಹುಡುಗಿ, ಪುರುಷರ ರಾಷ್ಟ್ರೀಯ ಪಂದ್ಯಕ್ಕೆ ಇಳಿದಳು. ಗಂಡಸರ ಜೊತೆ ಹುಡುಗಿ ಕೂತು ಆಡುವುದೇ ಎಂದು ದೊಡ್ಡ ಗಲಾಟೆ! ವಿಷಯ ಹೈಕೋರ್ಟಿನವರೆಗೆ ಹೋಯಿತು. ಕೊನೆಗೆ ವಿಶ್ವ ಒಕ್ಕೂಟದ ಅಧ್ಯಕ್ಷ ಮ್ಯಾಕ್ಸ್ ಯೂವೆ ಅವರೇ, ಯಾವ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಪಂದ್ಯದಿಂದಲೂ ಹೆಂಗಸರನ್ನು ಹೊರಗಿಡುವಂತಿಲ್ಲ ಎಂದು ತೀರ್ಪು ಕೊಟ್ಟರು. ಅದೇ ರೋಹಿಣಿ 1981ರಲ್ಲಿ ಹೈದರಾಬಾದಿನಲ್ಲಿ ಏಷ್ಯಾದ ಮಹಿಳಾ ಚಾಂಪಿಯನ್ ಆದರು.

ಅಂದಹಾಗೆ, ಹಲಗೆಯ ಮೇಲೆ ನಾವು 'ಮಂತ್ರಿ' ಎನ್ನುವ ಕಾಯಿಯನ್ನು ಯುರೋಪಿನವರು 'ರಾಣಿ' ಎನ್ನುತ್ತಾರೆ. ಮಂತ್ರಿಯಾಗಿದ್ದಾಗ ಅದಕ್ಕೆ ಓರೆಯಾಗಿ ಒಂದೇ ಮನೆ ನಡೆಯುವ ಶಕ್ತಿ. ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿ ರಾಣಿಗೆ ಎಲ್ಲ ದಿಕ್ಕಿಗೂ, ಎಷ್ಟು ದೂರ ಬೇಕಾದರೂ ಹೋಗುವ ಅಧಿಕಾರ ಸಿಕ್ಕಿತು. ರಾಜ ಮಾತ್ರ ಇಂದಿಗೂ ಒಂದೊಂದೇ ಮನೆ. ಯಜಮಾನರಿಗೆ ಓದಿ ಹೇಳಿ!

ಮಾಮಲ್ಲಪುರದ ಆ ಎರಡು ವಾರ

ಪಂದ್ಯಕ್ಕೆ ಆಡಲೇ ಹೋಗಬೇಕೆಂದಿಲ್ಲ, ನೋಡಲೂ ಹೋಗಬಹುದು. 2022ರ ಚೆಸ್ ಒಲಿಂಪಿಯಾಡ್ ನಡೆಯಬೇಕಾಗಿದ್ದದ್ದು ಮಾಸ್ಕೋದಲ್ಲಿ. ಉಕ್ರೇನ್ ಯುದ್ಧದಿಂದಾಗಿ ಅಲ್ಲಿ ರದ್ದಾಗಿ, ನಾಲ್ಕೇ ತಿಂಗಳ ತಯಾರಿಯಲ್ಲಿ ಚೆನ್ನೈ ಬಳಿಯ ಮಾಮಲ್ಲಪುರದಲ್ಲಿ ನಡೆಯಿತು. 180ಕ್ಕೂ ಹೆಚ್ಚು ದೇಶಗಳ ತಂಡಗಳು ಬಂದವು. ಚೆನ್ನೈನ ನೇಪಿಯರ್ ಸೇತುವೆಗೆ ಚದುರಂಗದ ಹಲಗೆಯಂತೆ ಕಪ್ಪು-ಬಿಳಿ ಚೌಕ ಬಳಿದರು; ಪಂಚೆ ಉಟ್ಟ 'ತಂಬಿ' ಎಂಬ ಕುದುರೆ ಎಲ್ಲೆಲ್ಲೂ ಕೈಮುಗಿದು ನಿಂತಿತ್ತು. ಬೆಂಗಳೂರಿನಿಂದ ಒಂದು ರಾತ್ರಿಯ ಪ್ರಯಾಣ ಅಷ್ಟೆ.

ಒಲಿಂಪಿಯಾಡ್‌ನಲ್ಲಿ ತಂಡಕ್ಕೆ ಐವರು. ಪ್ರತಿ ಸುತ್ತಿನಲ್ಲಿ ನಾಲ್ವರು ಆಡುತ್ತಾರೆ, ಒಬ್ಬರಿಗೆ ವಿಶ್ರಾಂತಿ. ಹನ್ನೊಂದು ಸುತ್ತು. ಸೋತವರನ್ನು ಮನೆಗೆ ಕಳಿಸುವುದಿಲ್ಲ, ಸರಿಸಮ ಅಂಕ ಇದ್ದವರ ಜೊತೆ ಮುಂದಿನ ಸುತ್ತಿಗೆ ಜೋಡಿ ಮಾಡುತ್ತಾರೆ.

ಭಾರತದ ಮಹಿಳಾ ತಂಡದಲ್ಲಿ ಕೊನೇರು ಹಂಪಿ, ದ್ರೋಣವಲ್ಲಿ ಹಾರಿಕಾ, ವೈಶಾಲಿ, ತಾನಿಯಾ ಸಚ್‌ದೇವ್, ಭಕ್ತಿ ಕುಲಕರ್ಣಿ ಇದ್ದರು. ಹಾರಿಕಾ ಆಗ ತುಂಬು ಗರ್ಭಿಣಿ. ದಿನಗಟ್ಟಲೆ, ಒಂದೊಂದು ಆಟಕ್ಕೆ ನಾಲ್ಕೈದು ಗಂಟೆ ಕುರ್ಚಿಯಲ್ಲಿ ಕೂತು ಆಡುವುದೆಂದರೆ ಎಂಥ ಕಷ್ಟ ಎಂದು ನಿಮಗೆ ಬೇರೆ ಹೇಳಬೇಕೆ? ಸೀಮಂತ, ಸಂಭ್ರಮ ಏನಿದ್ದರೂ ಪದಕ ಬಂದ ಮೇಲೆ ಎಂದು ಮುಂದೂಡಿ ಆಕೆ ಬಂದಿದ್ದರು. ಹದಿಮೂರನೆಯ ವಯಸ್ಸಿನಲ್ಲಿ ಭಾರತ ತಂಡಕ್ಕೆ ಸೇರಿ ಹದಿನೆಂಟು ವರ್ಷವಾಗಿತ್ತು, ಮಹಿಳೆಯರಿಗೆ ಒಲಿಂಪಿಯಾಡ್ ಪದಕ ಒಮ್ಮೆಯೂ ಬಂದಿರಲಿಲ್ಲ. ಕೊನೆಯ ಸುತ್ತಿನ ಹೊತ್ತಿಗೆ ನಮ್ಮವರೇ ಮುಂದಿದ್ದರು. ಆ ದಿನ ಅಮೆರಿಕಕ್ಕೆ 1-3ರಿಂದ ಸೋತು ಚಿನ್ನ ಕೈತಪ್ಪಿತು. ಉಕ್ರೇನ್‌ಗೆ ಚಿನ್ನ, ಜಾರ್ಜಿಯಾಕ್ಕೆ ಬೆಳ್ಳಿ, ನಮಗೆ ಕಂಚು. ಅದೇ ಆಗಸ್ಟ್‌ನಲ್ಲಿ ಹಾರಿಕಾಗೆ ಹೆಣ್ಣು ಮಗು ಹುಟ್ಟಿತು. ಎರಡು ವರ್ಷದ ಬಳಿಕ, 2024ರ ಸೆಪ್ಟೆಂಬರ್‌ನಲ್ಲಿ, ಬುಡಾಪೆಸ್ಟ್‌ನಲ್ಲಿ ಭಾರತದ ಗಂಡಸರೂ ಹೆಂಗಸರೂ ಚಿನ್ನ ಗೆದ್ದಾಗ ಆ ಮಹಿಳಾ ತಂಡದಲ್ಲಿ ಹಾರಿಕಾ ಇದ್ದರು, ತಾಯಿಯಾಗಿ.

ಹಂಪಿಯವರ ಕಥೆಯೂ ಹೀಗೆಯೇ. 2002ರಲ್ಲಿ ಹದಿನೈದನೇ ವಯಸ್ಸಿಗೇ ಗ್ರ್ಯಾಂಡ್‌ಮಾಸ್ಟರ್. 2017ರಲ್ಲಿ ಮಗಳು ಹುಟ್ಟಿದಾಗ ಆಟದಿಂದ ಸುಮಾರು ಎರಡು ವರ್ಷ ದೂರ. ಇನ್ನು ಮುಗಿಯಿತು ಎಂದರು ಜನ. 2019ರಲ್ಲಿ ಮಾಸ್ಕೋದಲ್ಲಿ, ಮತ್ತೆ 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ವಿಶ್ವ ರ‍್ಯಾಪಿಡ್ ಚಾಂಪಿಯನ್ ಆದರು. ಅದೇ ನ್ಯೂಯಾರ್ಕ್ ಪಂದ್ಯದಲ್ಲಿ ಕಾರ್ಲ್‌ಸನ್ ಜೀನ್ಸ್ ತೊಟ್ಟು ಬಂದು 200 ಡಾಲರ್ ದಂಡ ತೆತ್ತು, ಬದಲಾಯಿಸೆಂದರೆ ಒಪ್ಪದೆ ರಂಪವಾಯಿತು. ಉಡುಪಿನ ನಿಯಮ ಮೊದಲೇ ಓದಿಕೊಳ್ಳಿ ಎನ್ನುವುದಕ್ಕೆ ಹೇಳಿದೆ.

2025ರ ಜುಲೈನಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್. ಮದುವೆಯಾಗಿ ಹೋಗುವ ಹುಡುಗಿಗೆ ಚದುರಂಗದ ಮಣೆ ಕೊಟ್ಟು ಕಳಿಸುವ ಪದ್ಧತಿ ಆ ದೇಶದಲ್ಲಿತ್ತು ಎನ್ನುತ್ತಾರೆ. ಮೊದಲ ಮಹಿಳಾ ಗ್ರ್ಯಾಂಡ್‌ಮಾಸ್ಟರ್ ನೋನಾ ಗಪ್ರಿಂದಾಶ್ವಿಲಿ ಅಲ್ಲಿಯವರೇ. ಈ ಪಂದ್ಯದಲ್ಲಿ ಮಾತ್ರ ಸೋತರೆ ಮನೆಗೆ. ಫೈನಲ್‌ನಲ್ಲಿ ಎದುರಾದವರು ಮೂವತ್ತೆಂಟರ ಹಂಪಿ ಮತ್ತು ನಾಗಪುರದ ಹತ್ತೊಂಬತ್ತರ ದಿವ್ಯಾ ದೇಶಮುಖ್. ಎರಡು ದಿನ ಸಮ ಸಮ. ಜುಲೈ 28ರಂದು ವೇಗದ ಆಟದಲ್ಲಿ ದಿವ್ಯಾ ಗೆದ್ದರು. ಆ ಒಂದು ಗೆಲುವಿನಿಂದಲೇ ಗ್ರ್ಯಾಂಡ್‌ಮಾಸ್ಟರ್ ಪದವಿಯೂ, 50,000 ಡಾಲರ್ ಬಹುಮಾನವೂ ಬಂತು. ಹುಡುಗಿ ಎದ್ದು ಹೋದದ್ದು ನೇರ ತಾಯಿಯ ಹತ್ತಿರ. ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಒಳಗೆ ಹೋದ ಮೇಲೆ

ಒಳಗಿನ ನಿಯಮ ಕಟ್ಟುನಿಟ್ಟು. ಮೊಬೈಲ್ ಒಳಗೆ ತರುವಂತಿಲ್ಲ. ಆಟಗಾರರ ಬಳಿ ಸಿಕ್ಕರೆ ಆಟವೇ ಹೋಗಬಹುದು. ಕಾಯಿ ಮುಟ್ಟಿದರೆ ಅದನ್ನೇ ನಡೆಸಬೇಕು. "ಸುಮ್ನೆ ಮುಟ್ಟಿದ್ದು" ಎಂಬ ಮನೆಯ ನೆಪ ಅಲ್ಲಿ ನಡೆಯದು. ಪ್ರತಿ ನಡೆಯನ್ನೂ ಕಾಗದದಲ್ಲಿ ಬರೆಯಬೇಕು, ನಡೆದ ಮೇಲೆ ಗಡಿಯಾರ ಒತ್ತಬೇಕು. ಮರೆತರೆ ನಮ್ಮ ಸಮಯವೇ ಸೋರುತ್ತದೆ. ತೊಂದರೆಯಾದರೆ ಗಡಿಯಾರ ನಿಲ್ಲಿಸಿ ಆರ್ಬಿಟರ್ ಅವರನ್ನು ಕರೆಯಬೇಕೆಂದು ಮಗುವಿಗೆ ಮನೆಯಲ್ಲಿಯೇ ಕಲಿಸಿ. ನಾಚಿಕೆಯ ಮಕ್ಕಳು ಬಾಯಿ ಬಿಡದೆಯೇ ಅರ್ಧ ಅಂಕ ಕಳೆದುಕೊಳ್ಳುತ್ತಾರೆ.

ಮಕ್ಕಳ ಪಂದ್ಯಗಳಲ್ಲಿ ಸಾಮಾನ್ಯವಾಗಿ ಆಟ ಶುರುವಾದ ಕೆಲವೇ ನಿಮಿಷಕ್ಕೆ ತಂದೆತಾಯಿಯರನ್ನು ಹೊರಗೆ ಕಳಿಸುತ್ತಾರೆ. ಆಮೇಲೆ ಮೂರು ನಾಲ್ಕು ಗಂಟೆ ಹೊರಗಿನ ಕುರ್ಚಿ. ಕಸೂತಿಯೋ ಪುಸ್ತಕವೋ ಒಯ್ಯಿರಿ. ಬಾಗಿಲ ಸಂದಿಯಿಂದ ಇಣುಕಿ ಕಣ್ಸನ್ನೆ ಮಾಡಬೇಡಿ. ಸುಳಿವು ಕೊಟ್ಟಿರಿ ಎಂದು ಯಾರಾದರೂ ದೂರಿದರೆ ಅನುಭವಿಸುವುದು ಮಗು.

ಊಟದ ಗಂಟಿಗೆ ಸಾರಿನ ಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ತೆಳು ಅವಲಕ್ಕಿ ಸಾಕು. ಉಪ್ಪಿನಕಾಯಿ ಎಣ್ಣೆ ಸೋರಿ ಬಟ್ಟೆಯೆಲ್ಲ ಹಾಳಾದೀತು, ಬಿಟ್ಟುಬಿಡಿ. ಕೋಣೆಯಲ್ಲಿ ಒಲೆ ಹಚ್ಚಲು ಹೋಟೆಲಿನವರು ಬಿಡುತ್ತಾರೆಯೇ, ಆ ದೇಶದೊಳಕ್ಕೆ ತಿನಿಸು ಒಯ್ಯಬಹುದೇ ಎಂದು ಮೊದಲೇ ವಿಚಾರಿಸಿ. ಆಟಕ್ಕೆ ಮುಂಚೆ ಹೊಟ್ಟೆ ಬಿರಿಯ ತಿನ್ನಿಸಬೇಡಿ, ಮೊಸರನ್ನ ಉಂಡು ಕೂತರೆ ಮಂತ್ರಿಯ ಬದಲು ನಿದ್ದೆ ಬಂದೀತು. ಹಗುರವಾದ ಊಟ, ಕೈಯಲ್ಲಿ ನೀರು, ಒಂದು ಬಾಳೆಹಣ್ಣು.

ಸೋತು ಹೊರಬಂದ ಮಗುವನ್ನು "ಯಾಕೆ ಹಾಗೆ ಆಡಿದೆ?" ಎಂದು ಅಲ್ಲಿಯೇ ಕೇಳಬೇಡಿ. ಮಾರನೆಯ ದಿನ ಮತ್ತೊಂದು ಸುತ್ತಿರುತ್ತದೆ. ನಡೆ ಬರೆದ ಕಾಗದವನ್ನು ಮಾತ್ರ ಇಸಿದುಕೊಂಡು ತಾರೀಖು ಹಾಕಿ ಫೈಲಿನಲ್ಲಿಡಿ. ಗುರುಗಳು ಊರಿಗೆ ಬಂದ ಮೇಲೆ ಮೊದಲು ಕೇಳುವುದು ಅದನ್ನೇ.