ಅದಿರು ಇಲ್ಲಿ, ಸಲಹೆ ದಿಲ್ಲಿಯಲ್ಲಿ

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟವರು ಹತ್ತು ಕಿಲೋಮೀಟರ್ ಕ್ರಮಿಸುವಷ್ಟರಲ್ಲಿ ತ್ಯಾವರೆಕೊಪ್ಪ ತಲುಪುತ್ತಾರೆ. ಹುಲಿ-ಸಿಂಹಧಾಮದಿಂದ ಹೆಸರಾದ ಊರು. ಅದರ ಬೆನ್ನಿಗೇ ಶೆಟ್ಟಿಹಳ್ಳಿ ಅಭಯಾರಣ್ಯ. ನಗರದ ಇನ್ನೊಂದು ದಿಕ್ಕಿಗೆ ಹೊರಟರೆ ಭದ್ರಾವತಿ; ಇದೇ ಮಲೆನಾಡಿನ ಅದಿರು ಮತ್ತು ಇದ್ದಿಲನ್ನು ನಂಬಿ ಕಟ್ಟಿದ ಉಕ್ಕಿನ ಕಾರ್ಖಾನೆಯ ಪಟ್ಟಣ. ಒಂದು ಕಡೆ ಉಳಿಯಬೇಕಾದ ಕಾಡು, ಇನ್ನೊಂದು ಕಡೆ ಉರಿಯಬೇಕಾದ ಕುಲುಮೆ. ಇವೆರಡರ ನಡುವಿನ ತೀರ್ಮಾನ ಮಂತ್ರಿಗಳ ಮೇಜಿನ ಮೇಲೆ ಆಗುತ್ತದೆ ಎಂಬುದು ಜನಸಾಮಾನ್ಯರ ನಂಬಿಕೆ. ವಾಸ್ತವದಲ್ಲಿ ಮಂತ್ರಿಯ ಸಹಿ ಬೀಳುವ ಬಹಳ ಮೊದಲೇ ಕಡತದ ಹಣೆಬರಹವನ್ನು ಬರೆಯುವವು ಸಲಹಾ ಸಮಿತಿಗಳು.

ಸಲಹೆಯನ್ನು ಒಪ್ಪಲೂಬಹುದು, ಬಿಡಲೂಬಹುದು ಎಂಬುದು ಸಾಮಾನ್ಯ ತಿಳಿವಳಿಕೆ. ಗಣಿಯ ವಿಷಯದಲ್ಲಿ ಸಂಗತಿ ಅಷ್ಟು ಸರಳವಲ್ಲ. ಸಮಿತಿಯಲ್ಲಿ ಕುಳಿತವರ ಪಾಂಡಿತ್ಯಕ್ಕಿಂತ, ಆ ಸಮಿತಿ ಯಾವ ಕಾನೂನಿನ ಆಶ್ರಯದಲ್ಲಿ ಹುಟ್ಟಿದೆ ಎಂಬುದೇ ಅದರ ಮಾತಿನ ತೂಕವನ್ನು ನಿರ್ಧರಿಸುತ್ತದೆ. ಕೆಲವು ಸಮಿತಿಗಳಿಗೆ ಹಣದ ಬಲವಿದೆ, ಕೆಲವಕ್ಕೆ ಶಾಸನದ ಬಲ, ಇನ್ನೊಂದಕ್ಕೆ ನ್ಯಾಯಾಲಯದ ಬಲ. ಭದ್ರಾ ನದಿಯ ಉದ್ದಕ್ಕೂ ಕಳೆದ ಒಂದು ಶತಮಾನದಲ್ಲಿ ನಡೆದುದನ್ನು ಗಮನಿಸಿದರೆ ಈ ವ್ಯತ್ಯಾಸ ತಾನಾಗಿಯೇ ಸ್ಪಷ್ಟವಾಗುತ್ತದೆ.

ಸಂಸ್ಥಾನದ ಕಾಲದ ಸಮಿತಿ

ಮೈಸೂರು ಸಂಸ್ಥಾನವು ತನ್ನದೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದ್ದು 1894ರಲ್ಲಿ. ಅದರ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ನಂತರ ಬಂದ ಡಬ್ಲ್ಯು.ಎಫ್. ಸ್ಮೀತ್ ಮತ್ತು ಅವರ ಸಹೋದ್ಯೋಗಿ ಪಿ. ಸಂಪತ್ ಅಯ್ಯಂಗಾರ್ ಅವರು ಸಂಸ್ಥಾನದ ಖನಿಜ ಸಂಪತ್ತಿನ ಸಮಗ್ರ ವರದಿಯನ್ನು 1916ರಲ್ಲಿ ಪ್ರಕಟಿಸಿದರು. ಇತ್ತ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಗಿತ್ತು. ಅಂದು ಮುಖ್ಯ ಎಂಜಿನಿಯರ್ ಆಗಿದ್ದ ಎಂ. ವಿಶ್ವೇಶ್ವರಯ್ಯನವರ ಕಲ್ಪನೆಯ ಈ ಸಮ್ಮೇಳನದಲ್ಲಿ ಕೃಷಿ, ಶಿಕ್ಷಣ ಹಾಗೂ ಕೈಗಾರಿಕೆ-ವಾಣಿಜ್ಯಕ್ಕೆ ಪ್ರತ್ಯೇಕ ಸಮಿತಿಗಳಿದ್ದವು. ಅವುಗಳ ಮಾತಿಗೆ ಶಾಸನದ ಬಲವೇನೂ ಇರಲಿಲ್ಲ. ಆದರೆ ಸಲಹೆ ಕೇಳುವವರೂ ಅದನ್ನು ಜಾರಿಗೆ ತರುವವರೂ ಒಂದೇ ಸೂರಿನಡಿ ಇದ್ದರು. 1912ರಲ್ಲಿ ವಿಶ್ವೇಶ್ವರಯ್ಯನವರೇ ದಿವಾನರಾದರು.

ಮುಂದಿನದು ಎಲ್ಲರಿಗೂ ತಿಳಿದ ಕಥೆ. ಜಮ್‌ಷೆಡ್‌ಪುರದ ಟಾಟಾ ಕಾರ್ಖಾನೆಗೆ ಸಲಹೆಗಾರರಾಗಿದ್ದ ಅಮೆರಿಕದ ಎಂಜಿನಿಯರ್ ಸಿ.ಪಿ. ಪೆರಿನ್ ಅವರ ನೆರವು ಪಡೆದು, 1918ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಆರಂಭವಾಯಿತು. 1923ರಲ್ಲಿ ಕುಲುಮೆ ಉರಿಯಿತು. ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಹಳಿಯ ಮೇಲೆ ಭದ್ರಾವತಿಗೆ ಬರುತ್ತಿತ್ತು. ಇದ್ದಿಲು ಸುತ್ತಲಿನ ಕಾಡಿನದು. ಕಾಡಿಗೆ ಇದರಿಂದ ಏನಾದೀತು ಎಂದು ಕೇಳುವ ಸಮಿತಿ ಅಂದು ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.

ಅದಿರು ಎಲ್ಲಿದೆ ಎಂದು ಹೇಳುವವರು

ಇಂದಿನ ವ್ಯವಸ್ಥೆಯಲ್ಲಿ ಖನಿಜವನ್ನು ಹುಡುಕುವ ಕೆಲಸಕ್ಕೆ ದಿಕ್ಕು ತೋರಿಸುವುದು 1966ರಲ್ಲಿ ರಚನೆಯಾದ ಕೇಂದ್ರ ಭೂವೈಜ್ಞಾನಿಕ ಕಾರ್ಯಕ್ರಮ ಮಂಡಳಿ. ಕೇಂದ್ರ ಗಣಿ ಕಾರ್ಯದರ್ಶಿ ಇದರ ಅಧ್ಯಕ್ಷರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಭಾರತೀಯ ಗಣಿ ಬ್ಯೂರೋ, ರಾಜ್ಯಗಳ ಗಣಿ ಮತ್ತು ಭೂವಿಜ್ಞಾನ ಇಲಾಖೆಗಳು ಒಂದೆಡೆ ಸೇರಿ, ಯಾವ ಬೆಟ್ಟವನ್ನು ಯಾರು ಶೋಧಿಸಬೇಕು ಎಂದು ಹಂಚಿಕೊಳ್ಳುತ್ತವೆ. ಒಂದೇ ಗುಡ್ಡಕ್ಕೆ ಇಬ್ಬರು ಕೊರೆಯುವ ಯಂತ್ರ ಒಯ್ಯಬಾರದು ಎಂಬುದು ಇದರ ಮೂಲ ಉದ್ದೇಶ. ರಾಜ್ಯ ಮಟ್ಟದಲ್ಲಿಯೂ ಇಂಥದೇ ಮಂಡಳಿ ಉಂಟು. ಭೂವಿಜ್ಞಾನಿಗಳ ನಕ್ಷೆಗಳಲ್ಲಿ ಒಂದು ಶಿಲಾವಲಯದ ಹೆಸರೇ 'ಶಿವಮೊಗ್ಗ ಶಿಸ್ಟ್ ಪಟ್ಟಿ'. ಹಾಗಾಗಿ ಈ ಮಂಡಳಿಗಳಿಗೆ ಜಿಲ್ಲೆ ಅಪರಿಚಿತವಲ್ಲ.

ಶೋಧನೆ ನಾಲ್ಕು ಹಂತಗಳಲ್ಲಿ ನಡೆಯುತ್ತದೆ: ಜಿ4 ಎಂದರೆ ಮೇಲ್ನೋಟದ ಸಮೀಕ್ಷೆ, ಜಿ1 ಎಂದರೆ ವಿವರವಾದ ಕೊರೆತ. ಖರ್ಚಿಗೆ 2015ರಲ್ಲಿ ರಾಷ್ಟ್ರೀಯ ಖನಿಜ ಶೋಧನಾ ಟ್ರಸ್ಟ್ ಬಂದಿತು. ಗಣಿ ಗುತ್ತಿಗೆದಾರರು ರಾಯಧನದ ಮೇಲೆ ಕಟ್ಟುವ ಹೆಚ್ಚುವರಿ ಪಾಲೇ ಅದರ ಆದಾಯ. ಗಣಿ ಸಂಶೋಧನೆಗೆ ಹಣ ಮಂಜೂರು ಮಾಡುವ ವಿಚಾರದಲ್ಲಿ ಸಲಹೆ ನೀಡಲು ಗಣಿ ಸಚಿವಾಲಯದಲ್ಲಿ ಸ್ಥಾಯಿ ವೈಜ್ಞಾನಿಕ ಸಲಹಾ ಗುಂಪು ಬೇರೆಯೇ ಇದೆ. ಈ ಸಮಿತಿಗಳು 'ಇಲ್ಲಿ ಹುಡುಕಿ' ಎನ್ನಬಲ್ಲವು. 'ಇಲ್ಲಿ ಅಗೆಯಿರಿ' ಎನ್ನಲಾರವು. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜು ಹೊರಬಿದ್ದಾಗ ಎದ್ದ ಸಂಭ್ರಮದಲ್ಲಿ ಈ ವ್ಯತ್ಯಾಸ ಮರೆತೇಹೋಗಿತ್ತು. ಅಂದಾಜಿಗೂ ಗಣಿಗೂ ನಡುವೆ ಇನ್ನೂ ಹಲವು ಬಾಗಿಲುಗಳಿವೆ.

ಅಗೆಯಬಹುದೇ ಎಂದು ಹೇಳುವವರು

ಆ ಬಾಗಿಲುಗಳಲ್ಲಿ ಅತಿ ಗಟ್ಟಿಯಾದುದು ಅರಣ್ಯ ಸಲಹಾ ಸಮಿತಿ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ 3ನೇ ಕಲಮಿನಲ್ಲೇ ಇದರ ಹುಟ್ಟು. ಅರಣ್ಯ ಭೂಮಿಯನ್ನು ಗಣಿಗೆ ಬಿಟ್ಟುಕೊಡುವ ಪ್ರಸ್ತಾವಗಳು ಇದರ ಮುಂದೆ ಬರುತ್ತವೆ. ಹೆಸರು 'ಸಲಹಾ' ಎಂದಿದ್ದರೂ ಸರ್ಕಾರ ಅದನ್ನು ಸುಮ್ಮನೆ ಬದಿಗಿಡುವಂತಿಲ್ಲ. ಛತ್ತೀಸ್‌ಗಢದ ಹಸದೇವ್ ಅರಣ್ಯದ ಕಲ್ಲಿದ್ದಲು ಗಣಿಗೆ ಸಮಿತಿ ಬೇಡವೆಂದರೂ 2011ರಲ್ಲಿ ಅಂದಿನ ಪರಿಸರ ಸಚಿವ ಜೈರಾಮ್ ರಮೇಶ್ ಒಪ್ಪಿಗೆ ನೀಡಿದ್ದರು. 2014ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಒಪ್ಪಿಗೆಯನ್ನು ರದ್ದುಪಡಿಸಿ, ಸಮಿತಿಯಿಂದ ಹೊಸದಾಗಿ ಸಲಹೆ ಪಡೆಯುವಂತೆ ಸೂಚಿಸಿತು. ಗಣಿ ಕೆಲಸ ಮುಂದುವರಿಯಲು ಸುಪ್ರೀಂ ಕೋರ್ಟ್ ಬಳಿಕ ಅವಕಾಶ ಕೊಟ್ಟಿತೆಂಬುದು ಬೇರೆ ಮಾತು.

ಕರ್ನಾಟಕದ ಮಟ್ಟಿಗೆ ಈ ಸಮಿತಿಯ ಶಕ್ತಿ ಗೋಚರಿಸಿದ್ದು ಕುದುರೆಮುಖದಲ್ಲಿ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯ ಗಣಿ ಇದ್ದುದು ಭದ್ರೆಯ ಹುಟ್ಟುನೆಲದಲ್ಲಿ. ಅದಿರನ್ನು ಪುಡಿ ಮಾಡಿ, ನೀರಿನೊಡನೆ ಬೆರೆಸಿ, ಕೊಳವೆಯಲ್ಲಿ ಮಂಗಳೂರಿಗೆ ಹರಿಸಲಾಗುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನಲ್ಲಿ ತುಂಬುತ್ತಿತ್ತು. ಮಳೆಗಾಲದಲ್ಲಿ ಗಣಿಯ ಮಣ್ಣು ನದಿಗೆ ಇಳಿಯುತ್ತದೆಂಬುದು ಪರಿಸರವಾದಿಗಳ ಮುಖ್ಯ ಆಕ್ಷೇಪ. ಆ ನದಿಯೇ ಲಕ್ಕವಳ್ಳಿಯ ಜಲಾಶಯವನ್ನು ತುಂಬಿ ಭದ್ರಾವತಿಯನ್ನು ಹಾಯ್ದು ಬರುತ್ತದೆ. 30 ವರ್ಷಗಳ ಗುತ್ತಿಗೆ 1999ರ ಜುಲೈಯಲ್ಲಿ ಮುಗಿಯಿತು. ನವೀಕರಣದ ಕೋರಿಕೆಯನ್ನು ಪರಿಶೀಲಿಸಿದ ಅರಣ್ಯ ಸಲಹಾ ಸಮಿತಿ 2001ರ ಜುಲೈಯಲ್ಲಿ ನಡುದಾರಿಯೊಂದನ್ನು ಸೂಚಿಸಿತು: ಈಗಾಗಲೇ ಅಗೆದ ಜಾಗದಲ್ಲಿರುವ ಮೆದು ಅದಿರು ಮುಗಿಯುವ ತನಕ, ಅಂದರೆ 2005ರವರೆಗೆ ಮಾತ್ರ ಅನುಮತಿ.

ಅಷ್ಟರಲ್ಲಿ ಕೆ.ಎಂ. ಚಿಣ್ಣಪ್ಪ ಅವರ ಅರ್ಜಿ ಸುಪ್ರೀಂ ಕೋರ್ಟ್ ಮುಂದಿತ್ತು. ಅರಣ್ಯ ಪ್ರಕರಣಗಳಲ್ಲಿ ನೆರವಾಗಲು ನ್ಯಾಯಾಲಯ 2002ರಲ್ಲಿ ರಚಿಸಿದ್ದ ಕೇಂದ್ರ ಉನ್ನತಾಧಿಕಾರ ಸಮಿತಿಯೂ (ಸಿಇಸಿ) ಗಣಿ ಮುಚ್ಚುವ ಪರವಾಗಿಯೇ ವರದಿ ನೀಡಿತು. 2002ರ ಅಕ್ಟೋಬರ್ 30ರಂದು ನ್ಯಾಯಾಲಯ 2005ರ ಅಂತ್ಯದ ಗಡುವನ್ನು ಖಾಯಂಗೊಳಿಸಿತು. ಸಲಹೆಯೊಂದು ಆಜ್ಞೆಯಾಗಿ ಬದಲಾದುದು ಹೀಗೆ. ಗಡುವಿನಂತೆಯೇ ಗಣಿ ನಿಂತಿತು. ಒಂದು ಇಡೀ ಊರು ಕಾಲಕ್ರಮೇಣ ಖಾಲಿಯಾಯಿತು.

ಅದಿರಿಲ್ಲದ ಕುಲುಮೆ

ಭದ್ರಾವತಿಯ ಪಾಲಿಗೆ ಪೆಟ್ಟು ಬಂದದ್ದು ಇನ್ನೊಂದು ದಾರಿಯಿಂದ. 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋದ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಗೆ ಸ್ವಂತ ಗಣಿಯೇ ಆಧಾರ. ಪಕ್ಕದ ಭದ್ರಾ ಅರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2000ದ ದಶಕದಲ್ಲಿ ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತುಹೋಯಿತು. ಆ ಮೇಲೆ ಅದಿರನ್ನು ಹೊರಗಿನಿಂದ ಕೊಳ್ಳಬೇಕಾಯಿತು.

ಕೊಳ್ಳುವುದೂ ಸುಲಭವಿರಲಿಲ್ಲ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಳನ್ನು ನಿಲ್ಲಿಸಿತು. ಆಗಸ್ಟ್‌ನಲ್ಲಿ ಚಿತ್ರದುರ್ಗ ಮತ್ತು ತುಮಕೂರಿಗೂ ಅದೇ ಆದೇಶ ಬಂತು. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದು ಸಿಇಸಿ. 2013ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ವಿಂಗಡಣೆಯನ್ನು ಒಪ್ಪಿ, ಸಿ ವರ್ಗದ ಗುತ್ತಿಗೆಗಳನ್ನು ರದ್ದುಪಡಿಸಿತು. ಮೂರು ಜಿಲ್ಲೆಗಳಿಂದ ವರ್ಷಕ್ಕೆ 3 ಕೋಟಿ ಟನ್ ಮಾತ್ರ ತೆಗೆಯಬೇಕೆಂಬ ಮಿತಿಯೂ ಬಂತು. 2022ರ ಹೊತ್ತಿಗೆ ಅದು 5 ಕೋಟಿ ಟನ್‌ಗೆ ಏರಿತು. ಮಿತಿಮೀರಿದ ಲೂಟಿಯನ್ನು ತಡೆಯಲು ಬೇರೆ ದಾರಿ ಇರಲಿಲ್ಲ ಎಂಬುದು ನಿಜ. ತಪ್ಪು ಮಾಡದ ಕಾರ್ಖಾನೆಗಳೂ ಅದರ ಬಿಸಿ ಉಂಡವು ಎಂಬುದೂ ಅಷ್ಟೇ ನಿಜ.

ಸಂಡೂರು ತಾಲ್ಲೂಕಿನ ರಾಮನದುರ್ಗದಲ್ಲಿ ಭದ್ರಾವತಿಗೆ ಪ್ರತ್ಯೇಕ ಗಣಿ ಒದಗಿಸುವ ಪ್ರಸ್ತಾವ ವರ್ಷಗಟ್ಟಲೆ ಕಡತಗಳಲ್ಲಿ ಓಡಾಡಿತು. 2016ರಲ್ಲಿ ಕೇಂದ್ರ ಸಂಪುಟ ಕಾರ್ಖಾನೆಯನ್ನು ಮಾರಲು ತಾತ್ವಿಕ ಒಪ್ಪಿಗೆ ನೀಡಿತು. ಅದರ ಹಿಂದೆಯೂ ಒಂದು ಶಿಫಾರಸು ಇತ್ತು, ಅದು ನೀತಿ ಆಯೋಗದ್ದು. ಕೊಳ್ಳುವವರು ಸಿಗಲಿಲ್ಲ. 2023ರ ಜನವರಿಯಲ್ಲಿ, ಕುಲುಮೆ ಉರಿದು ನೂರು ವರ್ಷ ತುಂಬುವ ಹೊತ್ತಿಗೆ, ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷದ ಆಗಸ್ಟ್‌ನಲ್ಲಿ ಕೆಲವು ವಿಭಾಗಗಳು ಮತ್ತೆ ಚಾಲನೆಗೆ ಬಂದವು. ಅರಣ್ಯ ಸಮಿತಿ ಕಾಡನ್ನು ನೋಡುತ್ತದೆ, ಸಿಇಸಿ ಕಾನೂನುಭಂಗವನ್ನು, ಭೂವೈಜ್ಞಾನಿಕ ಮಂಡಳಿ ಶಿಲೆಯನ್ನು. ಅದಿರು ನಿಂತರೆ ಕೆಲಸಗಾರನ ಗತಿ ಏನು ಎಂದು ಕೇಳುವುದು ಇವುಗಳಲ್ಲಿ ಯಾವುದರ ಕೆಲಸವೂ ಅಲ್ಲ.

ಜಲ್ಲಿಕಲ್ಲಿನ ಸಮಿತಿ

ಶಿವಮೊಗ್ಗದ ನಾಗರಿಕರಿಗೆ ದಿನವೂ ಎದುರಾಗುವ ಗಣಿ ಕಬ್ಬಿಣದ್ದಲ್ಲ, ಜಲ್ಲಿಯದು. ಇದಕ್ಕೂ ಸಲಹೆಗಾರರುಂಟು. 2006ರ ಅಧಿಸೂಚನೆಯಂತೆ ರಾಜ್ಯ ಪರಿಣತರ ಮೌಲ್ಯಮಾಪನ ಸಮಿತಿ ಶಿಫಾರಸು ಮಾಡುತ್ತದೆ, ರಾಜ್ಯ ಪರಿಸರ ಪ್ರಾಧಿಕಾರ ಅನುಮತಿ ನೀಡುತ್ತದೆ. 2016ರಲ್ಲಿ 5 ಹೆಕ್ಟೇರ್‌ವರೆಗಿನ ಕ್ವಾರಿಗಳನ್ನು ಜಿಲ್ಲಾಧಿಕಾರಿಗಳ ನೇತೃತ್ವದ ಪ್ರಾಧಿಕಾರಕ್ಕೂ ಜಿಲ್ಲಾ ಸಮಿತಿಗೂ ಒಪ್ಪಿಸಲಾಯಿತು. ಅಧಿಕಾರಿಗಳೇ ತುಂಬಿದ ಈ ಏರ್ಪಾಡಿಗೆ 2018ರ ಸೆಪ್ಟೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಆಕ್ಷೇಪಿಸಿದ ಮೇಲೆ ಕಡತಗಳು ಮತ್ತೆ ಬೆಂಗಳೂರಿಗೆ ಹೋದವು.

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಸಮೀಪದ ಹುಣಸೋಡಿನ ಕ್ರಷರ್ ಬಳಿ ಲಾರಿಯಲ್ಲಿದ್ದ ಸ್ಫೋಟಕ ಸಿಡಿದು ಕನಿಷ್ಠ ಐವರು ಸತ್ತರು. ನೆರೆಯ ಜಿಲ್ಲೆಗಳ ಜನ ಭೂಕಂಪವೆಂದು ಭಾವಿಸಿ ಮನೆಯಿಂದ ಹೊರಗೆ ಓಡಿಬಂದರು. ಸಮಿತಿ ಪರಿಶೀಲಿಸುವುದು ಅರ್ಜಿಯನ್ನು. ರಾತ್ರಿ ಹೊತ್ತು ಲಾರಿಯಲ್ಲಿ ಏನು ಬರುತ್ತದೆ ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ಅದು ಸ್ಥಳೀಯ ಇಲಾಖೆಗಳ ಹೊಣೆ.

ತ್ಯಾವರೆಕೊಪ್ಪದಂಥ ಕಾಡಂಚಿನ ಊರುಗಳಿಗೆ ಒಂದು ರಕ್ಷೆ ಇದೆ: 2023ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ಆದೇಶದಂತೆ ಅಭಯಾರಣ್ಯದೊಳಗೂ ಅದರ ಗಡಿಯಿಂದ 1 ಕಿಲೋಮೀಟರ್ ವ್ಯಾಪ್ತಿಯಲ್ಲೂ ಗಣಿಗಾರಿಕೆ ನಿಷಿದ್ಧ. ಆ ಗೆರೆಯಾಚೆ, 5 ಹೆಕ್ಟೇರ್‌ಗಿಂತ ಚಿಕ್ಕದಾದ ಒಂಟಿ ಕ್ವಾರಿಗೆ ಸಾರ್ವಜನಿಕ ಅಹವಾಲು ಸಭೆಯ ಅಗತ್ಯವಿಲ್ಲ. ಊರಿನವರಿಗೆ ಉಳಿಯುವುದು ಸಮಿತಿಯ ನಡಾವಳಿ. ಅದನ್ನು ಪರಿವೇಶ್ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು, ಇಂಗ್ಲಿಷ್ ಬಲ್ಲವರಾದರೆ.