ಒಂದು ಸರಕು, ಎರಡು ಇಂಗ್ಲಿಷ್ ಹೆಸರು: ‘ಅರೆಕಾ’ ಮತ್ತು ‘ಬೀಟಲ್’



ಕೆಲವು ವರ್ಷಗಳ ಹಿಂದೆ ಸವಳಂಗ ರಸ್ತೆಯ ನಮ್ಮ ಕಛೇರಿಗೆ ಭದ್ರಾವತಿಯ ಸಣ್ಣ ಉದ್ಯಮಿಯೊಬ್ಬರು 2018-19ನೇ ಸಾಲಿನ ಬಿಲ್ಲುಗಳ ಕಟ್ಟನ್ನು ತಂದಿದ್ದರು. ಕೆಲವದರಲ್ಲಿ ‘ಅರೆಕಾ ನಟ್’, ಕೆಲವದರಲ್ಲಿ ‘ಬೀಟಲ್ ನಟ್’ ಎಂದು ಬರೆದಿತ್ತು. ಎಲ್ಲಕ್ಕೂ ಶೇಕಡಾ 5ರ ತೆರಿಗೆ ಹಾಕಲಾಗಿತ್ತು. “ಎರಡೂ ಅಡಿಕೆಯೇ ಅಲ್ಲವೇ ಸಾರ್, ಯಾವ ಹೆಸರು ಬರೆದರೇನು?” ಎಂದರು. ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ.

‘ಅರೆಕಾ’ ಎಂಬುದು ಇಂಗ್ಲಿಷರ ಸ್ವಂತ ಶಬ್ದವಲ್ಲ. ಹದಿನಾರನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಮಲಯಾಳದ ‘ಅಡಕ್ಕ’ವನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ‘ಅರೆಕ’ ಎಂದರು. ಡಕಾರವು ರಕಾರವಾಯಿತು. ನಮ್ಮ ‘ಅಡಿಕೆ’ ಅದೇ ‘ಅಡಕ್ಕ’ದ ಸೋದರ ಶಬ್ದ. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಈ ಮರಕ್ಕೆ ‘ಅರೆಕಾ ಕಟೆಚು’ ಎಂದು ಹೆಸರಿಟ್ಟನು. ಇದರ ಎರಡನೆಯ ಪದದಲ್ಲಿರುವುದು ನಮ್ಮ ‘ಕಾಚು’. ಕಾಚು ಮುಖ್ಯವಾಗಿ ದೊರೆಯುವುದು ಕಗ್ಗಲಿ ಮರದ ತಿರುಳಿನಿಂದಾದರೂ ಹೆಸರು ಮಾತ್ರ ಅಡಿಕೆ ಮರಕ್ಕೆ ಅಂಟಿಕೊಂಡಿತು.

‘ಬೀಟಲ್’ ಪದದ ಕಥೆ ಇನ್ನೂ ವಿಚಿತ್ರವಾದುದು. ಅದರ ಮೂಲ ಮಲಯಾಳದ ‘ವೆಟ್ಟಿಲ’, ಅಂದರೆ ವೀಳ್ಯದೆಲೆ. ಎಲೆಯೊಂದಿಗೆ ಮೆಲ್ಲುವ ಕಾಯಿ ಎಂಬ ಅರ್ಥದಲ್ಲಿ ವಿದೇಶೀಯರು ಅಡಿಕೆಯನ್ನು ‘ಬೀಟಲ್ ನಟ್’ ಎಂದರು. ಕ್ರಮೇಣ ಎಲೆಯ ಹೆಸರು ಅಡಿಕೆಯ ಹೆಸರಾಗಿಬಿಟ್ಟಿತು. ಕನ್ನಡದಲ್ಲಿ ಇಂಥ ಗೊಂದಲವಿಲ್ಲ. ಎಲೆ ಎಲೆಯೇ, ಅಡಿಕೆ ಅಡಿಕೆಯೇ. ನಮ್ಮ ಮಾರುಕಟ್ಟೆಯಂತೂ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಒಂದೊಂದಕ್ಕೂ ಪ್ರತ್ಯೇಕ ಹೆಸರಿಟ್ಟು ಪ್ರತ್ಯೇಕ ಧಾರಣೆ ಕಟ್ಟುತ್ತದೆ.

ಈ ಗೊಂದಲ ಸುಂಕದ ಪಟ್ಟಿಯನ್ನೂ ಪ್ರವೇಶಿಸಿತು. ನಮ್ಮ ಆಮದು ಸುಂಕದ ಪಟ್ಟಿಯ 8ನೇ ಅಧ್ಯಾಯದಲ್ಲಿ ಮೊದಲು ‘ಬೀಟಲ್ ನಟ್’ ಎಂದಿತ್ತು. 2012ರಲ್ಲಿ ಅಂತರರಾಷ್ಟ್ರೀಯ ವರ್ಗೀಕರಣ ಪರಿಷ್ಕೃತವಾದಾಗ ‘ಅರೆಕಾ ನಟ್’ಗೆ 0802 80 ಎಂಬ ಪ್ರತ್ಯೇಕ ಸಂಖ್ಯೆ ದೊರೆಯಿತು. ಆದರೆ 21ನೇ ಅಧ್ಯಾಯದ 2106 90 30ರಲ್ಲಿ ‘ಸುಪಾರಿ ಎಂದು ಕರೆಯಲ್ಪಡುವ ಬೀಟಲ್ ನಟ್ ಉತ್ಪನ್ನ’ ಎಂಬ ಹಳೆಯ ಪದವೇ ಉಳಿದುಕೊಂಡಿತು. ಸುಣ್ಣ, ಕಾಚು, ತಂಬಾಕು ಇಲ್ಲದ ಅಡಿಕೆಯ ತಯಾರಿಕೆಯು, ಯಾಲಕ್ಕಿ, ಕೊಬ್ಬರಿ, ಮೆಂಥಾಲ್ ಸೇರಿದ್ದರೂ, ಈ ಶೀರ್ಷಿಕೆಯಡಿ ಬರುತ್ತದೆ.

ಅಡಿಕೆ ಎಲ್ಲಿ ಮುಗಿಯುತ್ತದೆ, ಸುಪಾರಿ ಎಲ್ಲಿ ಆರಂಭವಾಗುತ್ತದೆ? ಕ್ರೇನ್ ಬೀಟಲ್ ನಟ್ ಪೌಡರ್ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ, ಅಡಿಕೆಯನ್ನು ತುಂಡರಿಸಿ ಪರಿಮಳ, ಸಿಹಿ ಬೆರೆಸಿದ ಮಾತ್ರಕ್ಕೆ ಹೊಸ ವಸ್ತು ಹುಟ್ಟುವುದಿಲ್ಲ, ಆದ್ದರಿಂದ ಅದು ಅಬಕಾರಿ ಸುಂಕದ ದೃಷ್ಟಿಯಿಂದ ‘ತಯಾರಿಕೆ’ಯಲ್ಲ ಎಂದು ತೀರ್ಪಿತ್ತಿತು. 2009ರಲ್ಲಿ ಸರ್ಕಾರವು ಕಾನೂನಿಗೆ ತಿದ್ದುಪಡಿ ತಂದು, ಅಂಥ ಬೆರಕೆಯೂ ತಯಾರಿಕೆಯೇ ಎಂದು ಘೋಷಿಸಿತು.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ಒಣ ಅಡಿಕೆಗೆ ಶೇಕಡಾ 5, ಸುಪಾರಿಗೆ ಶೇಕಡಾ 18ರ ದರ ನಿಗದಿಯಾಯಿತು. ಭದ್ರಾವತಿಯ ಆ ಉದ್ಯಮಿಯ ‘ಬೀಟಲ್ ನಟ್’ ಬಿಲ್ಲುಗಳಲ್ಲಿದ್ದುದು ಯಾಲಕ್ಕಿ, ಸಕ್ಕರೆ ಬೆರೆಸಿದ ಅಡಿಕೆ ಪುಡಿ. 1 ಲಕ್ಷ ರೂ. ಸರಕಿಗೆ 18,000 ರೂ. ಬದಲು 5,000 ರೂ. ಮಾತ್ರ ಕಟ್ಟಲಾಗಿತ್ತು. ಉಳಿದ 13,000 ರೂ.ಗಳನ್ನು ಬಡ್ಡಿಸಹಿತ ಕೈಯಿಂದಲೇ ತೆರಬೇಕಾಯಿತು. ಕೊಂಡವರಿಂದ ಅಷ್ಟು ತಡವಾಗಿ ವಸೂಲಿ ಮಾಡುವುದಾದರೂ ಹೇಗೆ?

ಆಮದಿನಲ್ಲಿಯೂ ಹೆಸರಿಗೆ ಇಷ್ಟೇ ಬೆಲೆಯಿದೆ. 0802 80ರಡಿ ಬರುವ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251 ರೂ.ನಿಂದ 351 ರೂ.ಗೆ ಏರಿಸಲಾಯಿತು. ಬಂದರಿಗೆ ಬಂದ ಮೂಟೆ ‘ಅಡಿಕೆ’ಯೋ ‘ಸುಪಾರಿ’ಯೋ ಎಂಬ ವ್ಯಾಜ್ಯಗಳು ಉಚ್ಚ ನ್ಯಾಯಾಲಯದವರೆಗೆ ಹೋಗಿವೆ. ಅದರ ಬಿಸಿ ನಮ್ಮ ಬೆಳೆಗಾರರಿಗೂ ಮಂಡಿಗಳಿಗೂ ತಟ್ಟದೆ ಇರದು.

ಆದುದರಿಂದ ಬಿಲ್ಲಿನಲ್ಲಿ ಬರಿಯ ‘ಬೀಟಲ್ ನಟ್’ ಎಂದು ಬರೆಯುವುದನ್ನು ಬಿಡುವುದು ಒಳಿತು. ಏನೂ ಬೆರೆಸದ ಒಣ ಅಡಿಕೆಯಾದರೆ ‘ಅರೆಕಾ ನಟ್’ ಎಂದೂ ಅದರ ದರ್ಜೆಯನ್ನೂ ಬರೆಯಿರಿ. ಬೆರಕೆಯಾದರೆ ಏನು ಬೆರೆತಿದೆಯೆಂಬುದನ್ನು ಕಾಣಿಸಿ, ಎಚ್‌ಎಸ್‌ಎನ್ ಸಂಖ್ಯೆಯನ್ನು ಅದಕ್ಕೆ ತಕ್ಕಂತೆ ನಮೂದಿಸಿರಿ. ದರಗಳು ಬದಲಾಗುತ್ತಿರುವುದರಿಂದ ಬಿಲ್ಲಿನ ದಿನದಂದು ಜಾರಿಯಲ್ಲಿರುವ ಅಧಿಸೂಚನೆಯನ್ನೇ ನೋಡತಕ್ಕದ್ದು.